ನಡೆಯುವುದೆಲ್ಲ ವಾಕ್ ಅಲ್ಲ

ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿಯ ಗದ್ದಲ ಏಳುವವರೆಗೆ ಹೋಟೆಲ್ ಹುಡುಗರಿಗೆ ಎರಡು ಗಂಟೆ ಬಿಡುವು. ಆ ಎರಡು ಗಂಟೆ ಮುಂಬಯಿಯ ಮಾಟುಂಗದ ಒಂದು ಸಣ್ಣ ಕೊಠಡಿಯಲ್ಲಿ ನಾನು ಅವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೆಚ್ಚಿನವರು ಕುಂದಾಪುರ, ಕಾರ್ಕಳದ ಕಡೆಯವರು. ಈಚೆಗೆ ವಿಜಯಪುರ, ಕಲಬುರಗಿಯವರೂ ಬರುತ್ತಿದ್ದಾರೆ. ಹೇಗೆ ಬಂದಿರಿ ಎಂದು ಮೊದಲ ದಿನ ಇಂಗ್ಲಿಷಿನಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ಕೊಡುವ ಉತ್ತರ ಒಂದೇ: 'ಐ ಕೇಮ್ ಬೈ ವಾಕ್.' ಆದ್ದರಿಂದ ನನ್ನ ಮೊದಲ ಪಾಠ ಯಾವಾಗಲೂ ವಾಕ್.

ಬಸ್ಸಿಗೆ 'ಬೈ ಬಸ್', ಲೋಕಲ್ ರೈಲಿಗೆ 'ಬೈ ಟ್ರೇನ್' ಎನ್ನುತ್ತೇವಲ್ಲ, ಹಾಗಾದರೆ ನಡಿಗೆಗೆ 'ಬೈ ವಾಕ್' ಯಾಕಾಗದು ಎಂಬುದು ನ್ಯಾಯವಾದ ಪ್ರಶ್ನೆಯೇ. ಬೈ ಬರುವುದು ನಮ್ಮನ್ನು ಹೊತ್ತೊಯ್ಯುವ ವಾಹನದ ಹೆಸರಿಗೆ ಮೊದಲು. ವಾಕ್ ವಾಹನವಲ್ಲ, ನಾವೇ ಮಾಡುವ ಕೆಲಸ. ಹಾಗಾಗಿ ಅದನ್ನೇ ಕ್ರಿಯಾಪದ ಮಾಡಿಬಿಡಿ: 'ಐ ವಾಕ್ಟ್ ಟು ದ ಸ್ಟೇಷನ್.' ಕನ್ನಡದಲ್ಲಿ 'ನಡೆದುಕೊಂಡು ಹೋದೆ' ಎಂದು ಎರಡು ಕ್ರಿಯೆ ಬೇಕು. ಇಂಗ್ಲಿಷಿನಲ್ಲಿ ಹೋಗುವುದು ನಡೆಯುವುದರೊಳಗೇ ಅಡಗಿದೆ. 'ಐ ವೆಂಟ್ ಬೈ ವಾಕಿಂಗ್' ಎಂದು ಎಳೆಯಬೇಕಾಗಿಲ್ಲ. ಹೇಗೆ ಬಂದಿರಿ ಎಂದು ಯಾರಾದರೂ ಕೇಳಿದಾಗ ಚುಟುಕಾಗಿ ಹೇಳಬೇಕಿದ್ದರೆ 'ಆನ್ ಫುಟ್' ಇದೆ.

ಉಚ್ಚಾರಕ್ಕೂ ಗಮನ ಕೊಡಿ. ಬರಹದಲ್ಲಿರುವ ಲಕಾರ ಮಾತಿನಲ್ಲಿ ಕೇಳಿಸಬಾರದು. ಟಾಕ್, ಚಾಕ್, ಫೋಕ್ ಪದಗಳಲ್ಲೂ ಹೀಗೆಯೇ. ಒಂದು ಕಾಲದಲ್ಲಿ ಆ ಲಕಾರವನ್ನು ನುಡಿಯುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ಉರುಳು, ಹೊರಳು ಎಂಬ ಅರ್ಥವಿತ್ತು. ಕಾಲ್ನಡಿಗೆಯ ಅರ್ಥ ಆಮೇಲೆ ಬಂದದ್ದು. ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು ದಪ್ಪಗೊಳಿಸುವ ಕಸುಬಿಗೂ ಇದೇ ಪದವಿತ್ತು, ಆ ಕಸುಬಿನವರ ಕುಲನಾಮವೇ ವಾಕರ್. ಬಟ್ಟೆ ಗಿರಣಿಗಳ ಪಕ್ಕದ ಚಾಳಿನಲ್ಲಿ ಸಂಸಾರ ಆರಂಭಿಸಿದ ನನಗೆ ಈ ವಿಷಯ ಓದಿದ ದಿನ ಆದ ಸಂತೋಷ ದೊಡ್ಡದು. ಭೂತಕಾಲದ ರೂಪದ ಕೊನೆಗೆ ಕೇಳಿಸುವುದು ಡಕಾರವಲ್ಲ, ಟಕಾರ: ವಾಕ್ಟ್. ಇನ್ನು ವಾಕ್ ಮತ್ತು ವರ್ಕ್ ಎರಡನ್ನೂ ದಯವಿಟ್ಟು ಬೇರೆಬೇರೆ ಇಡಿ. ವರ್ಕ್ ಎನ್ನುವಾಗ ನಮ್ಮ ರಕಾರವನ್ನು ಸ್ಪಷ್ಟವಾಗಿ ನುಡಿದರೆ ಯಾರಿಗೂ ಗೊಂದಲವಾಗದು. ವಾಕ್ ಎನ್ನುವಾಗ ತುಟಿ ತುಸು ದುಂಡಗಾಗಲಿ. 'ವಾ' ಮತ್ತು 'ವೋ' ನಡುವಿನ ಸ್ವರ ಅದು.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಅದು ಇಂಗ್ಲಿಷಿನಲ್ಲಿಲ್ಲ, ನಮ್ಮ 'ನಡೆ'ಯಲ್ಲಿದೆ. ಕನ್ನಡದಲ್ಲಿ ಏನೇನು ನಡೆಯುವುದಿಲ್ಲ? ಮದುವೆ ನಡೆಯುತ್ತದೆ, ಗಡಿಯಾರ ನಡೆಯುತ್ತದೆ, ವ್ಯಾಪಾರ ನಡೆಯುತ್ತದೆ, ಜಗಳ ನಡೆಯುತ್ತದೆ. ಮೂರು ವರ್ಷದ ಹಿಂದೆ ವಿಜಯಪುರದ ಹುಡುಗನೊಬ್ಬ ತನ್ನ ಪುಸ್ತಕವನ್ನು ತಂದು ತೋರಿಸಿದ. ವಡೆ ಮುಗಿದಿದೆ, ಇಡ್ಲಿ ಆಗಬಹುದೇ ಎಂದು ಗಿರಾಕಿಯನ್ನು ಕೇಳುವ ಸಂಭಾಷಣೆ ಬರೆದಿದ್ದ. ಗಿರಾಕಿಯ ಉತ್ತರ: 'ಇಟ್ ವಿಲ್ ವಾಕ್.' ಉಳಿದವರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಆ ಹುಡುಗ ದಿನವಿಡೀ ಮೂರು ಭಾಷೆಯಲ್ಲಿ ಅದನ್ನೇ ಕೇಳುತ್ತಿದ್ದ. ಮರಾಠಿಯವರು ಚಾಲೇಲ್ ಎನ್ನುತ್ತಾರೆ, ಹಿಂದಿಯವರು ಚಲೇಗಾ ಎನ್ನುತ್ತಾರೆ, ಅವನ ಊರಿನಲ್ಲಿ ನಡೆಯುತ್ತದೆ ಎನ್ನುತ್ತಾರೆ. ಮೂರರಲ್ಲೂ ಕಾಲಿನ ಕ್ರಿಯಾಪದವೇ ಒಪ್ಪಿಗೆಯಾಗಿದೆ. ನಾಲ್ಕನೆಯ ಭಾಷೆ ಬೇರೆ ದಾರಿ ಹಿಡಿದೀತೆಂದು ಅವನು ಊಹಿಸುವುದಾದರೂ ಹೇಗೆ?

ಅವನಿಗಾಗಿ ಅಂದು ಕಂಡುಕೊಂಡ ಉಪಾಯವನ್ನೇ ಈಗ ಎಲ್ಲರಿಗೂ ಹೇಳುತ್ತೇನೆ. ವಾಕ್ಯದಲ್ಲಿ 'ನಡೆ' ಬಂದ ಕೂಡಲೇ ಒಂದು ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿ ಪಾದ ನೆಲ ಮುಟ್ಟುತ್ತಿದೆಯೇ? ಮುಟ್ಟುತ್ತಿದ್ದರೆ ವಾಕ್. ಇಲ್ಲವಾದರೆ ಬೇರೆ ಪದ ಹುಡುಕಿ. ಮದುವೆಗೆ ಪಾದವಿಲ್ಲ, 'ಟುಕ್ ಪ್ಲೇಸ್'. ಗಡಿಯಾರಕ್ಕಿಲ್ಲ, 'ಇಟ್ ಈಸ್ ವರ್ಕಿಂಗ್'. ಇಡ್ಲಿ ನಡೆಯುತ್ತದೆ ಎನ್ನಲು 'ದಟ್ ವಿಲ್ ಡೂ'. ಹೋಟೆಲು ನಡೆಸುವುದಕ್ಕೆ ಇಂಗ್ಲಿಷಿನವರು ರನ್ ಎನ್ನುತ್ತಾರೆ: 'ಹಿ ರನ್ಸ್ ಎ ಹೋಟೆಲ್.' ನಾವು ನಡೆಸುವುದನ್ನು ಅವರು ಓಡಿಸುತ್ತಾರೆ ಎಂದು ನೆನಪಿಟ್ಟರೆ ಮರೆಯುವುದಿಲ್ಲ. ನಡತೆಗೆ ಕಾಂಡಕ್ಟ್, ಅಲ್ಲೂ ವಾಕ್‌ಗೆ ಜಾಗವಿಲ್ಲ.

ಈ ಉಪಾಯ ಪೂರ್ತಿ ಸಾಲದು. ಪಾದ ನೆಲ ಮುಟ್ಟಿದರೂ ಕನ್ನಡದಲ್ಲಿ 'ನಡೆ' ಒಂದರಿಂದಲೇ ಹೇಳಲಾಗದ ಒಂದು ಬಳಕೆಯಿದೆ. ಅದು ನನಗೆ ಬಹಳ ಪ್ರೀತಿಯದು. ಅಮ್ಮನ ಜೊತೆಗೆ ನಡೆದು ಅವರನ್ನು ಸ್ಟೇಷನ್ನಿಗೆ ಬಿಟ್ಟುಬಂದೆ ಎನ್ನಲು 'ಐ ವಾಕ್ಟ್ ಮೈ ಮದರ್ ಟು ದ ಸ್ಟೇಷನ್' ಎಂದರೆ ಸಾಕು. ಜೊತೆಯಲ್ಲಿ ನಡೆದದ್ದು, ಕಾಳಜಿಯಿಂದ ತಲುಪಿಸಿದ್ದು ಎರಡೂ ಆ ಒಂದು ಪದದಲ್ಲಿವೆ. ನಾಯಿಯನ್ನು ಸುತ್ತಾಡಿಸುವುದಕ್ಕೂ ಇದೇ ರಚನೆ. ಮುಂದೆ ಕಚೇರಿ ಕೆಲಸಕ್ಕೆ ಸೇರಿದರೆ 'ವಾಕ್ ಮಿ ಥ್ರೂ ಇಟ್' ಎಂಬ ಮಾತು ಕೇಳುತ್ತೀರಿ: ಮೊದಲಿನಿಂದ ಕೊನೆಯವರೆಗೆ ಹಂತಹಂತವಾಗಿ ವಿವರಿಸಿ ಎಂದರ್ಥ.

ನಾಮಪದವಾದಾಗ ಅದಕ್ಕೆ ಮೊದಲು 'ಎ' ಬಿಡಬೇಡಿ. ಸಂಜೆ ಫೈವ್ ಗಾರ್ಡನ್ಸ್ ಕಡೆ ಹೊರಟವರು 'ಗೋಯಿಂಗ್ ಫಾರ್ ವಾಕಿಂಗ್' ಎನ್ನುತ್ತಾರೆ. 'ಗೋಯಿಂಗ್ ಫಾರ್ ಎ ವಾಕ್' ಸರಿ. ದಾರಿ ಹೇಳುವಾಗ 'ಟೆನ್ ಮಿನಿಟ್ ವಾಕ್' ಎನ್ನಿ. ಮಾಟುಂಗ ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್‌ಗೆ 'ಇಟ್ ಈಸ್ ಎ ಟೆನ್ ಮಿನಿಟ್ ವಾಕ್'. ಹತ್ತು ನಿಮಿಷವಾದರೂ ಇಲ್ಲಿ ಮಿನಿಟ್ ಏಕವಚನ.

ಜೊತೆಗೆ ಬರುವ ಚಿಕ್ಕ ಪದಗಳನ್ನೂ ನೋಡಿಕೊಳ್ಳಿ. 'ವಾಕ್ ಔಟ್' ಎಂದರೆ ಪ್ರತಿಭಟಿಸಿ ಹೊರನಡೆಯುವುದು, ಪತ್ರಿಕೆಗಳು ಸಭಾತ್ಯಾಗ ಎಂದು ಬರೆಯುವುದು ಇದನ್ನೇ. 'ವಾಕ್ ಔಟ್ ಆನ್' ಎಂದಾಗ ಅರ್ಥ ಕಠೋರವಾಗುತ್ತದೆ: ನಂಬಿದವರನ್ನು ಕೈಬಿಟ್ಟು ಹೋಗುವುದು. ಒಂದು 'ಆನ್' ತಪ್ಪಾಗಿ ಸೇರಿದರೆ ಮನೆಯಿಂದ ಹೊರಗೆ ಬಂದವನು ಹೆಂಡತಿಯನ್ನು ಬಿಟ್ಟವನಾಗುತ್ತಾನೆ. 'ವಾಕ್ ಇನ್' ಸಂದರ್ಶನಕ್ಕೆ ಮುಂಚಿತವಾಗಿ ಸಮಯ ಗೊತ್ತುಮಾಡಬೇಕಾಗಿಲ್ಲ, ಹೇಳಿದ ದಿನ ದಾಖಲೆಗಳೊಂದಿಗೆ ಹೋದರಾಯಿತು.

ಕ್ರಿಕೆಟ್ ವರದಿ ಓದುವ ಹುಡುಗರಿಗಾಗಿ ಇನ್ನೊಂದು ಅರ್ಥ. ಔಟಾದವರೆಲ್ಲ ನಡೆದೇ ಹೋಗುತ್ತಾರೆ, ಹಾಗಿದ್ದರೆ 'ಹಿ ವಾಕ್ಟ್' ಎಂದು ವಿಶೇಷವಾಗಿ ಬರೆಯುವುದೇಕೆ? ಅಂಪೈರ್ ತೀರ್ಪಿಗೆ ಕಾಯದೆ, ತಾನು ಔಟ್ ಎಂದು ತಿಳಿದು ಬ್ಯಾಟ್ಸ್‌ಮನ್ ತಾನಾಗಿ ಹೊರಟರೆ ಮಾತ್ರ ಆ ಮಾತು. 2003ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಶ್ರೀಲಂಕಾ ವಿರುದ್ಧ ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್, ಅಂಪೈರ್ ಔಟ್ ಕೊಡದಿದ್ದರೂ ಹೊರಟುಹೋದರು. ಅದು ವಾಕ್. 1980ರಲ್ಲಿ ನಮ್ಮ ವಾಂಖೆಡೆಯಲ್ಲೇ ನಡೆದ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಭಾರತದ ನಾಯಕ ಜಿ. ಆರ್. ವಿಶ್ವನಾಥ್ ವಾಪಸ್ ಕರೆಸಿದರು. ಟೇಲರ್ ಹೊರಟದ್ದು ತೀರ್ಪಿಗೆ ತಲೆಬಾಗಿ, ಆದ್ದರಿಂದ ಅದು ಈ ಅರ್ಥದ ವಾಕ್ ಅಲ್ಲ. ಭದ್ರಾವತಿಯ ಆ ಆಟಗಾರನ ಹೆಸರು ಹೇಳುವಾಗ ತರಗತಿಯಲ್ಲಿ ನನ್ನ ದನಿ ಪ್ರತಿ ಸಲವೂ ಏರುತ್ತದೆ.

ಕೊನೆಗೆ, ಎಲ್ಲ ನಡಿಗೆಗೂ ವಾಕ್ ಒಂದನ್ನೇ ಹಚ್ಚಬೇಡಿ. ಹಾಯಾಗಿ ಅಡ್ಡಾಡುವುದು ಸ್ಟ್ರೋಲ್, ದಾಪುಗಾಲು ಹಾಕುವುದು ಸ್ಟ್ರೈಡ್, ದಣಿದು ಕಾಲೆಳೆಯುತ್ತ ಸಾಗುವುದು ಟ್ರಜ್, ಕುಂಟುವುದು ಲಿಂಪ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ರೈಲು ನಿಂತಿತ್ತು. ಕುರ್ಲಾದಿಂದ ಸಯನ್ ಕಡೆಗೆ ಸೊಂಟದವರೆಗಿನ ನೀರಿನಲ್ಲಿ, ಅಪರಿಚಿತರು ಹಿಡಿದ ಹಗ್ಗವನ್ನು ನಾನೂ ಹಿಡಿದು ಬಂದೆ. ನೆಲ ಎಲ್ಲಿದೆಯೆಂದು ಪ್ರತಿ ಹೆಜ್ಜೆಗೂ ಕಾಲಿನಿಂದ ತಡಕಬೇಕಿತ್ತು. ಅದಕ್ಕೆ ವೇಡ್ ಎನ್ನಬೇಕು. ಮಾಟುಂಗ ಮುಟ್ಟಿ, ಒಣ ರಸ್ತೆಗೆ ಬಂದ ಮೇಲಿನ ಕೊನೆಯ ಕಾಲು ಗಂಟೆಯನ್ನು ಮಾತ್ರ ನಾನು ವಾಕ್ ಎಂದು ಬರೆದೇನು.