ಲಾಕ್ ಆದ ಫೋನಿನಿಂದಲೂ 112ಕ್ಕೆ ಕರೆ ಹೋಗುತ್ತದೆ

ವಿಜಯಪುರ–ಸೊಲ್ಲಾಪುರ ಹೈವೇಯಲ್ಲಿ ಒಬ್ಬರು ಬೈಕಿನಿಂದ ಬಿದ್ದಿದ್ದರು. ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ಅವರದು ಲಾಕ್ ಆಗಿತ್ತು. ಲಾಕ್ ತೆಗೆಯುವುದೇ ಬೇಕಿಲ್ಲ. ಸ್ಕ್ರೀನಿನ ಕೆಳಗಿನ ‘ಎಮರ್ಜೆನ್ಸಿ’ ಒತ್ತಿ 112 ಹಾಕಿದರೆ ಸಾಕು. ಪೊಲೀಸ್, ಆಂಬ್ಯುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಒಂದೇ ನಂಬರ್.

112ರವರು ಮೊದಲು ಕೇಳುವುದೇ ‘ಎಲ್ಲಿದ್ದೀರಿ’ ಅಂತ. ಸುತ್ತ ಬರೀ ಜೋಳದ ಹೊಲ, ಏನು ಹೇಳೋದು? ಹೈವೇ ಪಕ್ಕದ ಕಿಲೋಮೀಟರ್ ಕಲ್ಲು ಹುಡುಕಿ, ಅದರ ಮೇಲಿನ ನಂಬರ್ ಓದಿ ಹೇಳಿ. ನಾನೂ ಹಾಗೇ ಮಾಡಿದೆ.

ಮನೆಯ ಹಿರಿಯರ ಹತ್ತಿರ ಕೀಪ್ಯಾಡ್ ಫೋನ್ ಇರುತ್ತದೆ ಅಲ್ವಾ? ಬಹಳಷ್ಟು ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ 112ಕ್ಕೆ ಹೋಗುತ್ತದೆ. ಯಾವ ಬಟನ್ ಅಂತ ಮೊದಲೇ ನೋಡಿ ತೋರಿಸಿಡಿ. ಸುಮ್ನೆ ಪರೀಕ್ಷೆಗೆಂದು ಮಾತ್ರ ಕರೆ ಮಾಡಬೇಡಿ.