ಯುಗಾದಿಗೆ ಮುಂಚೆ ಮನೆ ಹೊಸದಾಯಿತು: ಸುಣ್ಣ, ನಿಂಬೆ ಉಪ್ಪು ಮತ್ತು ಒಂದಿಷ್ಟು ತೋಳುಬಲ

ಶಿವರಾತ್ರಿ ಕಳೆದರೆ ಕೋಲಾರದಲ್ಲಿ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ. ಹೊಂಗೆ ಮರ ಹಳೆ ಎಲೆ ಉದುರಿಸಿ ಚಿಗುರುತ್ತದೆ. ಶ್ರೀನಿವಾಸಪುರದ ಕಡೆ ಮಾವು ಕಾಯಿ ಕಚ್ಚಿರುತ್ತದೆ. ಮನೆಯೊಳಗೆ ಮಾತ್ರ ಹೋದ ವರ್ಷದ ಧೂಳು ಹಾಗೇ ಕೂತಿರುತ್ತದೆ. ಯುಗಾದಿ ಹತ್ತಿರ ಬಂತು ಅಂದ ತಕ್ಷಣ ಎಲ್ಲರಿಗೂ ಪೇಂಟ್ ನೆನಪಾಗುತ್ತದೆ, ನಮಗೂ ಆಯಿತು. ಪೇಂಟರ್ ಹೇಳಿದ ಲೆಕ್ಕ ಕೇಳಿ ನಮ್ಮೆಜಮಾನ್ರು ಏನೂ ಮಾತಾಡದೆ ಟೀ ಕುಡಿಯೋಕೆ ಎದ್ದುಹೋದರು. ಆಮೇಲೆ ನಾವೇ ಕೈಹಾಕಿ ಮಾಡಿಕೊಂಡ ಕೆಲಸ ಇದು. ಖರ್ಚು ಎರಡು ಸಾವಿರ ರೂಪಾಯಿ ದಾಟಲಿಲ್ಲ. ಅದರಲ್ಲೂ ಜಾಸ್ತಿ ಹೋಗಿದ್ದು ಬಲ್ಬುಗಳಿಗೆ.

ಕೆಲಸ ಮಾಡ್ತಾ ಮಾಡ್ತಾ ನನಗೆ ಗೊತ್ತಾಗಿದ್ದು ಇಷ್ಟು. ಮನೆ ಮಂಕಾಗಿ ಕಾಣುವುದು ಬಣ್ಣ ಹಳೆಯದಾಗಿದ್ದಕ್ಕಿಂತ ಅದರ ಮೇಲೆ ಕೂತಿರುವುದರಿಂದ. ಧೂಳು, ಜಿಡ್ಡು, ನೀರಿನ ಬಿಳಿ ಕಲೆ, ಯಾವತ್ತೋ ಬೇಕಾಗಬಹುದು ಅಂತ ಎತ್ತಿಟ್ಟ ಸಾಮಾನು. ಅದನ್ನೆಲ್ಲ ತೆಗೆದಮೇಲೆ ನೋಡಿದರೆ ಎಷ್ಟೋ ಕಡೆ ಹೊಸದು ತರುವ ಅಗತ್ಯವೇ ಇರಲಿಲ್ಲ.

ಮೊದಲು ಒಣ ಕೆಲಸ. ನಮ್ಮೂರಲ್ಲಿ ನೀರು ಸುರಿದು ಮನೆ ತೊಳೆಯುವ ಹಾಗಿಲ್ಲ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕಳಿಸುವ ನೀರು, ಕೆರೆಗಳಿಗೆ ಬರುತ್ತಿದೆ ನಿಜ, ಆದರೆ ನಮ್ಮ ನಲ್ಲಿಗೆ ಬರುವುದು ಬೋರ್ ನೀರೇ. ಹಾಗಾಗಿ ಮೇಲಿಂದ ಕೆಳಕ್ಕೆ ಬಂದೆವು. ಅಟ್ಟ ಖಾಲಿ ಮಾಡಿದೆವು, ಬಲೆ ಹೊಡೆದೆವು, ಫ್ಯಾನ್ ರೆಕ್ಕೆ ಒರೆಸಿದೆವು, ಕೊನೆಗೆ ನೆಲ ಗುಡಿಸಿದೆವು. ಫ್ಯಾನ್ ರೆಕ್ಕೆಗೆ ಹಳೆ ದಿಂಬಿನ ಕವರ್ ತೊಡಿಸಿ ಎಳೆದರೆ ಧೂಳೆಲ್ಲ ಕವರ್ ಒಳಗೇ ಉಳಿಯುತ್ತದೆ, ತಲೆ ಮೇಲೆ ಬೀಳಲ್ಲ. ಅಟ್ಟದಲ್ಲಿ ಸಿಕ್ಕ ಹಳೆ ಪೇಪರ್, ಕೆಟ್ಟ ಮಿಕ್ಸಿ, ಪ್ಲಾಸ್ಟಿಕ್ ಕೊಡ ಗುಜರಿಯವರಿಗೆ ಹೋದವು. ಅತ್ತೆ ಒಂದು ಹಿತ್ತಾಳೆ ಕೊಳಗವನ್ನು ಮಾತ್ರ ಕೊಡಲು ಬಿಡಲಿಲ್ಲ. ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಿಕ್ಕಿದರು. ಈಗ ಅದು ಬಾಗಿಲ ಪಕ್ಕ ಹೂವಿನ ಕುಂಡ.

ನಾನು ಊಹಿಸದೇ ಇದ್ದ ಲಾಭ ಬಂದಿದ್ದು ಸೊಳ್ಳೆ ಜಾಲರಿಯಿಂದ. ಕಿಟಕಿ ಜಾಲರಿ ಬಿಚ್ಚಿ ಅಂಗಳದಲ್ಲಿ ಸೋಪಿನ ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿದೆವು. ತೂತುಗಳಲ್ಲಿ ಧೂಳು ತುಂಬಿ ಬೆಳಕೂ ಇಲ್ಲ, ಗಾಳಿಯೂ ಇಲ್ಲ ಅನ್ನುವ ಹಾಗಾಗಿತ್ತು. ತೊಳೆದು ಹಾಕಿದಮೇಲೆ ಹಾಲ್ ಒಂದು ಬಣ್ಣ ಹೊಡೆದಷ್ಟು ಬೆಳ್ಳಗಾಯಿತು. ಒಂದೇ ಕೆಲಸ ಮಾಡೋಕೆ ಪುರುಸೊತ್ತು ಇರೋದು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಅಡುಗೆಮನೆ ಜಿಡ್ಡಿಗೆ ಸೀಗೆಪುಡಿ ಸಾಕು. ಬಿಸಿನೀರಲ್ಲಿ ಕಲಸಿ ಎಕ್ಸಾಸ್ಟ್ ಫ್ಯಾನು, ಡಬ್ಬಗಳು, ಒಲೆ ಹಿಂದಿನ ಟೈಲ್ಸ್‌ಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದೆ. ಫ್ಯಾನ್ ಮುಟ್ಟುವ ಮುಂಚೆ ಕರೆಂಟ್ ತೆಗೆದಿರಿ.

ಇನ್ನು ಬೋರ್ ನೀರಿನ ಬಿಳಿ ಕಲೆ. ನಲ್ಲಿ, ಶವರ್, ಸ್ಟೀಲ್ ಸಿಂಕ್, ಬಚ್ಚಲ ಟೈಲ್ಸ್ ಎಲ್ಲಾ ಕಡೆ ಗಡಸು ನೀರು ಒಣಗಿ ಕಲ್ಲಾಗಿ ಕೂರುತ್ತದೆ. ಸೋಪು ಹಾಕಿ ತಿಕ್ಕಿದರೆ ಕೈ ನೋವು ಬರುತ್ತೆ ಅಷ್ಟೇ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ ಮಾತ್ರ ಕರಗುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಲ್ಲಿ ಕರಗಿಸಿ, ಹಳೆ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಬಿಟ್ಟೆ. ಅರ್ಧ ಗಂಟೆ ಆದಮೇಲೆ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಬಿಟ್ಟುಬರುತ್ತದೆ. ಶವರ್ ತಲೆಯನ್ನು ಬಿಚ್ಚಿ ಅದೇ ನೀರಲ್ಲಿ ಮುಳುಗಿಸಿಟ್ಟೆ, ಮುಚ್ಚಿಹೋಗಿದ್ದ ತೂತೆಲ್ಲ ತೆರೆಯಿತು. ಆದರೆ ಎರಡು ಎಚ್ಚರ. ಕಡಪಾ ಕಲ್ಲು, ಮಾರ್ಬಲ್, ಮೊಸಾಯಿಕ್ ನೆಲದ ಮೇಲೆ ಹುಳಿ ಯಾವುದೂ ಬೀಳಬಾರದು. ಅವುಗಳಲ್ಲೂ ಇರುವುದು ಅದೇ ಸುಣ್ಣದ ಅಂಶ, ಹೊಳಪು ತಿಂದುಹಾಕುತ್ತದೆ. ಎರಡನೆಯದು, ಬ್ಲೀಚಿಂಗ್ ಪೌಡರ್ ಜೊತೆ ನಿಂಬೆ ಉಪ್ಪಾಗಲಿ ಆಸಿಡ್ ಆಗಲಿ ಬೆರೆಸಲೇಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಉಸಿರಿಗೇ ಅಪಾಯ.

ನಲ್ಲಿ ಮೇಲೆ ಬೇಡವೇ ಬೇಡ ಅನ್ನುವ ಆ ಬಿಳಿಯನ್ನೇ ಗೋಡೆಗೆ ನಾವು ಕೈಯಾರೆ ಹಚ್ಚುತ್ತೇವೆ. ಹೌದು, ಸುಣ್ಣ. ಬಳಿದ ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಅದಕ್ಕೇ ಹೊಡೆದ ತಕ್ಷಣ ನೀರು ಬಳಿದ ಹಾಗೆ ಕಾಣುತ್ತದೆ, ಒಣಗುತ್ತಾ ಒಣಗುತ್ತಾ ಬೆಳ್ಳಗಾಗುತ್ತದೆ. ಬೆಳ್ಳಗೆ ಕಾಣಲಿಲ್ಲ ಅಂತ ಆಗಲೇ ದಪ್ಪಗೆ ಬಳಿಯೋಕೆ ಹೋದರೆ ಆಮೇಲೆ ಸಿಪ್ಪೆ ಏಳುತ್ತದೆ.

ನಮ್ಮದು ಚಾವಣಿಗೆ ಚಪ್ಪಡಿ ಕಲ್ಲು ಹಾಸಿದ ಹಳೆ ಮನೆ, ಮುಂದೆ ಮಾತ್ರ ಆಮೇಲೆ ಕಟ್ಟಿದ ಹಾಲ್. ಪಕ್ಕದ ಬೀದಿಯ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಹಾಲ್ ಗೋಡೆ ಮುಟ್ಟಿ ನೋಡಿ, "ಅಕ್ಕಾ, ಇದು ಡಿಸ್ಟೆಂಪರ್. ಇದರ ಮೇಲೆ ಸುಣ್ಣ ನಿಲ್ಲಲ್ಲ. ಹಿಂದಿನ ರೂಮಿಗೆ ಹೊಡೀರಿ, ಕಲ್ಲಿಗೆ ಹೊಡೀರಿ, ತಾರಸಿ ಮೇಲೆ ಹೊಡೀರಿ" ಅಂದರು. ಪರೀಕ್ಷೆ ಸುಲಭ. ಗೋಡೆಗೆ ಒಂದು ಕೈ ನೀರು ಎರಚಿ. ಗೋಡೆ ಹೀರಿಕೊಂಡರೆ ಸುಣ್ಣ ಹಿಡಿಯುತ್ತದೆ. ನೀರು ಹನಿಹನಿಯಾಗಿ ಜಾರಿದರೆ ಅಲ್ಲಿ ಪೇಂಟ್ ಇದೆ, ಸುಣ್ಣದ ಆಸೆ ಬಿಡಿ. ಹಾಲ್ ಗೋಡೆಯನ್ನು ಬರೀ ಒರೆಸಿ ಬಿಟ್ಟೆವು. ಜಾಲರಿ ತೊಳೆದಮೇಲೆ ಅದೂ ಪರವಾಗಿಲ್ಲ ಅನ್ನಿಸಿತು.

ಸುಣ್ಣದ ಕಲ್ಲು ತಂದು ಅರಳಿಸಿದರೆ ಬಿಳುಪು ಚೆನ್ನಾಗಿ ಬರುತ್ತದೆ ಅನ್ನುವುದು ಅತ್ತೆಯ ಪಟ್ಟು. ಅರಳಿಸುವಾಗ ಅದು ಕೊತಕೊತ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಆಗದು, ಕಬ್ಬಿಣದ ಬಾಣಲೆಯೋ ಡ್ರಮ್ಮೋ ಬೇಕು. ಕಲ್ಲನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಕಣ್ಣಿಗೆ ಸಿಡಿದರೆ ಸುಟ್ಟುಬಿಡುತ್ತದೆ. ಇಷ್ಟೆಲ್ಲ ಬೇಡ ಅನ್ನುವವರಿಗೆ ಅರಳಿಸಿದ ಸುಣ್ಣದ ಪುಡಿ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ನಮ್ಮಲ್ಲಿ ಅತ್ತೆ ಗೆದ್ದರು.

ಒಂದು ಕೆ.ಜಿ. ಕಲ್ಲಿಗೆ ಸುಮಾರು ಐದು ಲೀಟರ್ ನೀರು. ರಾತ್ರಿಯಿಡೀ ಬಿಟ್ಟು, ಹಳೆ ಪಂಚೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದೆವು. ಬಿಸಿನೀರಲ್ಲಿ ಕರಗಿಸಿದ ಗೋಂದು ಒಂದಿಷ್ಟು, ಒಂದು ಹಿಡಿ ಉಪ್ಪು, ಬಟ್ಟೆಗೆ ಹಾಕುವ ನೀಲಿ ಕೆಲವೇ ಹನಿ. ಗೋಂದು ಇದ್ದರೆ ಮುಟ್ಟಿದಾಗ ಕೈಗೆ ಅಂಟುವುದು ಕಡಿಮೆಯಾಗುತ್ತದೆ. ನೀಲಿ ಹಾಕಿದರೆ ಹಳದಿ ಛಾಯೆ ಕಾಣಿಸಲ್ಲ. ಜಾಸ್ತಿ ಹಾಕಿದರೆ ಮಾತ್ರ ಹಳೆಕಾಲದ ಶಾಲೆ ಗೋಡೆ ಬಣ್ಣ ಬರುತ್ತೆ, ಅದು ಇಷ್ಟ ಇದ್ದವರು ಹಾಕಿಕೊಳ್ಳಿ.

ಇಲ್ಲಿ ಮಾರ್ಚ್ ಬಿಸಿಲಿನದ್ದೇ ತೊಂದರೆ. ಬಿಸಿಗೋಡೆ ಮೇಲೆ ಬಳಿದರೆ ಗಟ್ಟಿಯಾಗುವ ಮುಂಚೆ ಒಣಗಿ ಪುಡಿಯಾಗುತ್ತದೆ. ಬೆಳಗ್ಗೆ ಬೇಗ ಎದ್ದು, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಒಂದು ಕೋಟ್. ಮಾರನೆಯ ದಿನ ಅಡ್ಡಡ್ಡ ಇನ್ನೊಂದು. ಚಪ್ಪಡಿಗೆ ಮೂರನೆಯದೂ ಬೇಕಾಯಿತು. ಸೋಫಾ ಇರುವ, ಜನ ಒರಗಿ ಕೂರುವ ಗೋಡೆಗೆ ಸುಣ್ಣ ಬೇಡ, ಬೆನ್ನಿಗೆ ಅಂಟುತ್ತದೆ. ಗೋಡೆಯ ಬುಡಕ್ಕೆ ಗೇಣುದ್ದದ ಕೆಮ್ಮಣ್ಣಿನ ಪಟ್ಟಿ ಎಳೆದೆವು. ಕಸ ಗುಡಿಸುವಾಗ ತಾಗುವ ಕೊಳೆ ಅದರಲ್ಲಿ ಕಾಣಲ್ಲ, ನೋಡೋಕೂ ಲಕ್ಷಣ. ಉಳಿದ ಸುಣ್ಣ ತಾರಸಿ ಮೇಲೆ ಹೋಯಿತು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುವುದರಿಂದ ಮಧ್ಯಾಹ್ನ ಒಳಗಿನ ಧಗೆ ಕಡಿಮೆಯಾಗಿದೆ. ಏಪ್ರಿಲ್‌ನಲ್ಲಿ ಇದರ ಬೆಲೆ ಗೊತ್ತಾಗುತ್ತೆ.

ರೆಡ್ ಆಕ್ಸೈಡ್ ನೆಲಕ್ಕೆ ಒರೆಸಿ ಒಣಗಿದಮೇಲೆ ಕೊಬ್ಬರಿ ಎಣ್ಣೆ ಕೆಲವು ಹನಿ ಬಟ್ಟೆಗೆ ಹಾಕಿ ಉಜ್ಜಿದೆ. ಎಣ್ಣೆ ಜಾಸ್ತಿಯಾದರೆ ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಒಣ ಬಟ್ಟೆಯಿಂದ ಮತ್ತೊಮ್ಮೆ ಒತ್ತಿ ಒರೆಸಿ.

ಕರ್ಟನ್‌ಗೆ ಅತ್ತೆಯ ಹಳೆ ಹತ್ತಿ ಸೀರೆಗಳು ಬಂದವು. ಸೆರಗು ಕೆಳಗೆ ಬರುವ ಹಾಗೆ ಹೊಲಿಸಿದರೆ ಅಂಚು ಚೆನ್ನಾಗಿ ಕಾಣುತ್ತದೆ, ಟೈಲರ್‌ಗೆ ಬರೀ ಹೊಲಿಗೆ ಕೂಲಿ. ಹಾಲ್‌ನ ಬಲ್ಬು ಬದಲಾಯಿಸಿದೆವು. ಡಬ್ಬದ ಮೇಲೆ 6500ಕೆ ಅಂತ ಇದ್ದರೆ ನೀಲಿ ಬೆರೆತ ಬಿಳಿ ಬೆಳಕು, 3000ಕೆ ಅಂತ ಇದ್ದರೆ ಹಳದಿ ಬೆಳಕು. ಓದುವ ಜಾಗಕ್ಕೆ ಮೊದಲನೆಯದು, ಕೂತು ಹರಟುವ ಜಾಗಕ್ಕೆ ಎರಡನೆಯದು. ಗಿಡಗಳಿಗೆ ದುಡ್ಡು ಕೊಡಲೇ ಇಲ್ಲ. ಪಕ್ಕದ ಮನೆ ಆಂಟಿ ಹತ್ತಿರ ಮನಿ ಪ್ಲಾಂಟ್, ದೊಡ್ಡಪತ್ರೆ ಕಡ್ಡಿ ಕೇಳಿ ತಂದು ನೆಟ್ಟೆ. ಅಕ್ಕಿ ತೊಳೆದ ನೀರೇ ಅವಕ್ಕೆ ಸಾಕಾಗುತ್ತಿದೆ.

ಹಿತ್ತಲ ಗೋಡೆ ಇನ್ನೂ ಬಾಕಿ ಇದೆ. ಅದಕ್ಕೆ ಅಂತ ಡ್ರಮ್ಮಿನ ತಳದಲ್ಲಿದ್ದ ಸುಣ್ಣದ ಮುದ್ದೆಯನ್ನು ಎತ್ತಿಟ್ಟಿದ್ದೇನೆ. ಮೇಲೆ ನಾಲ್ಕು ಬೆರಳು ನೀರು ನಿಂತಿರಬೇಕು, ಮುಚ್ಚಳ ಗಟ್ಟಿಯಾಗಿರಬೇಕು. ಗಾಳಿ ತಾಗದಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀರು ಆರಿದೆಯಾ ಅಂತ ವಾರಕ್ಕೊಂದು ಸಲ ನೋಡುವ ಕೆಲಸ ನಮ್ಮೆಜಮಾನ್ರದು.