ಮಿದುಳು ನಿಂತ ಮೇಲೆ ಹಾಸಿಗೆ ಬದಿಯ ಕೆಲಸ: ಐಸಿಯು ನರ್ಸ್ ಆಗಿ ನನ್ನ ಅನುಭವ

ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ತಲೆಗೆ ಪೆಟ್ಟಾಗಿ ಕಲಬುರಗಿಯ ಐಸಿಯುಗೆ ಬಂದ ರೋಗಿಯ ಮಿದುಳು ಪೂರ್ತಿ ನಿಂತದ್ದು (ಬ್ರೇನ್ ಡೆತ್) ಮೊದಲು ತಿಳಿಯುವುದು ಸಕ್ಷನ್ ಮಾಡುವ, ಅಂದರೆ ನಳಿಕೆಯಿಂದ ಉಸಿರುನಾಳದ ಕಫ ಎಳೆಯುವ ಕೈಗೆ. ಬೆಳಿಗ್ಗೆ ನಳಿಕೆ ಇಳಿಸಿದಾಗ ಕೆಮ್ಮಿದವರು ಮಧ್ಯಾಹ್ನ ಕೆಮ್ಮುವುದಿಲ್ಲ. ವೆಂಟಿಲೇಟರಿನಲ್ಲಿ ನಿಮಿಷಕ್ಕೆ 14 ಉಸಿರು ಇಟ್ಟಿದ್ದರೆ ಸರಿಯಾಗಿ 14, ತಾನಾಗಿ ಎಳೆದದ್ದು ಒಂದೂ ಇಲ್ಲ. ಏರಿದ್ದ ಬಿಪಿ ದಿಢೀರನೆ ಕುಸಿಯುತ್ತದೆ. ಇಷ್ಟನ್ನೂ ಗಂಟೆ ಸಮೇತ ಚಾರ್ಟಿಗೆ ಬರೆದು ಡಾಕ್ಟರಿಗೆ ಆಗಲೇ ಹೇಳುತ್ತೇನೆ. ನಿದ್ದೆಯ ಮಿಡಾಜೋಲಾಮ್, ನೋವಿನ ಫೆಂಟನಿಲ್, ಸ್ನಾಯು ಸಡಿಲಿಸುವ ವೆಕ್ಯುರೋನಿಯಂ ಕೊನೆಯದಾಗಿ ಯಾವಾಗ ಹೋಯಿತು ಎಂಬುದೂ ಅಲ್ಲಿರಬೇಕು. ಮದ್ದಿನ ಮಂಪರು ಇಳಿಯದೆ ಪರೀಕ್ಷೆ ಮಾಡುವಂತಿಲ್ಲ.

ಮಿದುಳು ಸತ್ತಿದೆ ಎಂದು ಖಚಿತಪಡಿಸಲು 1994ರ ಅಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರ ತಂಡ, ಕನಿಷ್ಠ 6 ಗಂಟೆ ಅಂತರದಲ್ಲಿ, ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ನಡುವಿನ ಗಂಟೆಗಳು ಪೂರ್ತಿ ನಮ್ಮ ಕೈಯಲ್ಲಿರುತ್ತವೆ. ಮನೆಯವರು ಮುಂದೆ ದಾನ ಮಾಡಬಹುದಾದ ಅಂಗ ಕೆಡುವುದಾದರೆ ಇಲ್ಲೇ ಕೆಡುತ್ತದೆ.

ನಾನು ಕಣ್ಣಿಡುವುದು ಮೂತ್ರದ ಚೀಲದ ಮೇಲೆ. ಹಳದಿ ಇದ್ದದ್ದು ಬೋರಿನ ನೀರಿನಂತೆ ತಿಳಿಯಾಗಿ, 60 ಕೆ.ಜಿ. ತೂಕದವರಿಗೆ ಗಂಟೆಗೆ 240 ಮಿ.ಲೀ. ದಾಟಿತೆಂದರೆ ಡಯಾಬಿಟಿಸ್ ಇನ್ಸಿಪಿಡಸ್ ಶುರುವಾಗಿರಬಹುದು. ನೀರು ಹಿಡಿದಿಡುವ ಹಾರ್ಮೋನು ಮಿದುಳಿನಿಂದ ಬರುವುದು ನಿಂತಿರುತ್ತದೆ. ಹೊಸಬರು ಇಲ್ಲೇ ತಪ್ಪುತ್ತಾರೆ: ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂದು ಸಮಾಧಾನಪಟ್ಟು ಚೀಲ ಖಾಲಿ ಮಾಡುತ್ತಾರೆ. ಅಷ್ಟರಲ್ಲಿ ಸೋಡಿಯಂ 155 ದಾಟಿ ಲಿವರ್ ಹಾಳಾಗುವ ಹಂತಕ್ಕೆ ಬಂದಿರುತ್ತದೆ, ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪುತ್ತದೆ. ಮಿದುಳಿನ ಬಾವು ಇಳಿಸುವ ಮ್ಯಾನಿಟಾಲ್ ಕೊಟ್ಟಿದ್ದರೆ ಅಥವಾ ಸಕ್ಕರೆ ಏರಿದ್ದರೂ ಮೂತ್ರ ಹೀಗೇ ಹರಿಯುತ್ತದೆ. ಆದ್ದರಿಂದ ಮೊದಲು ಅವೆರಡನ್ನು ನೋಡಿ, ರಕ್ತ ಕಳಿಸಿ, ಆಮೇಲೆ ಡಾಕ್ಟರ್ ಬರೆದ ವ್ಯಾಸೊಪ್ರೆಸಿನ್ (ಅದೇ ಹಾರ್ಮೋನು) ಪಂಪ್ ಹಚ್ಚುತ್ತೇನೆ. ಹೋದ ನೀರನ್ನು ಗಂಟೆಗಂಟೆಗೆ ಅಳೆದು ತುಂಬಬೇಕು, ಶಿಫ್ಟ್ ಮುಗಿದ ಮೇಲೆ ಲೆಕ್ಕ ಹಾಕಿ ಉಪಯೋಗವಿಲ್ಲ. ಸರಾಸರಿ ಬಿಪಿ 65ರ ಕೆಳಗೆ ಇಳಿಯಬಾರದು.

ಹೊರಗೆ ಮೇ ತಿಂಗಳ 42 ಡಿಗ್ರಿ ಇದ್ದರೂ ಎಸಿ ಕೆಳಗಿನ ಈ ದೇಹ ತಣ್ಣಗಾಗುತ್ತದೆ, ಏಕೆಂದರೆ ಕಾವು ಹಿಡಿದಿಡುವ ಶಕ್ತಿ ಹೋಗಿರುತ್ತದೆ. 36 ಡಿಗ್ರಿ ಇಲ್ಲದಿದ್ದರೆ, ತಾನಾಗಿ ಉಸಿರಾಡುತ್ತಾರೋ ಎಂದು ನೋಡುವ ಉಸಿರಿನ ಪರೀಕ್ಷೆಯೇ ಮುಂದೆ ಹೋಗುತ್ತದೆ. ಕಂಬಳಿ ಹೊದಿಸಿ, ಸಲೈನ್ ಬೆಚ್ಚಗೆ ಮಾಡುತ್ತೇನೆ. ಆ ಪರೀಕ್ಷೆಗೆ 10 ನಿಮಿಷ 100% ಆಮ್ಲಜನಕ ಕೊಟ್ಟು ವೆಂಟಿಲೇಟರ್ ಬಿಡಿಸಿ, ಟ್ಯೂಬಿನೊಳಗೆ ನಿಮಿಷಕ್ಕೆ 6 ಲೀಟರ್ ಆಮ್ಲಜನಕ ಬಿಟ್ಟು, ಎದೆ ಬಿಚ್ಚಿಟ್ಟು 8-10 ನಿಮಿಷ ನೋಡುತ್ತಾರೆ. ರಕ್ತದ ಕಾರ್ಬನ್ ಡೈಆಕ್ಸೈಡ್ 60 ಮುಟ್ಟಿದರೂ ಎದೆ ಅಲುಗಬಾರದು. ಮೇಲಿನ ಬಿಪಿ 90ಕ್ಕಿಂತ ಇಳಿದರೆ ಕೂಗಿ ನಿಲ್ಲಿಸುವುದು ನಮ್ಮ ಹೊಣೆ. ಕಣ್ಣಿನ ರೆಪ್ಪೆ ಮುಚ್ಚಿ ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆ ಇಡುತ್ತೇನೆ; ಒಣಗಿದ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಯಾರಿಗೂ ಆಗುವುದಿಲ್ಲ.

ಮನೆಯವರು ಕೇಳುವುದು ಒಂದೇ: "ಸಿಸ್ಟರ್, ಎದಿ ಏರಿಳಿಲಿಕತ್ತದಲ್ರೀ, ಸತ್ತಾನ ಅಂತ ಹ್ಯಾಂಗ್ ಅಂತೀರಿ?" ಎರಡನೇ ಪರೀಕ್ಷೆ ಮುಗಿದು ಡಾಕ್ಟರ್ ಹೇಳಿದ ಮೇಲೆ ನನ್ನ ಉತ್ತರವೂ ಒಂದೇ: "ಯಕ್ಕಾ, ಆ ಉಸಿರು ಮಷೀನಿಂದು, ಅವ್ರದಲ್ಲ. ಜೀವ ಹೋಗ್ಯಾದ್ರೀ." 'ಕೋಮಾ' ಎನ್ನಬಾರದು, 'ಸ್ವಲ್ಪ ಕಷ್ಟ ಅದ' ಎನ್ನಬಾರದು. ಬೆರಳು ಅಲುಗಿದರೆ ಅದು ಬೆನ್ನುಹುರಿಯದೆಂದು ಮುಂಚೆಯೇ ತಿಳಿಸಿರಬೇಕು. ಕಂಡ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ದಾನದ ಮಾತು ಸಾವಿನ ಮಾತಿನ ಜೊತೆಗೇ ಬರಕೂಡದು. ಅವರು ಅತ್ತು, ನೀರು ಕುಡಿದು, ಕುಂತ ಮೇಲೆ ಡಾಕ್ಟರ್, ಅಂಗದಾನದ ಕೋಆರ್ಡಿನೇಟರ್ ಕೇಳುತ್ತಾರೆ. ನಾನು ಪಕ್ಕದಲ್ಲಿ ಕೂಡುತ್ತೇನೆ. ಬೇಡವೆಂದರೆ ಒತ್ತಾಯವಿಲ್ಲ. ಮಾತಾಡುವವರು ಊರ ಹಿರಿಯರು, ಆದರೆ ಒಪ್ಪಿಗೆಯ ಫಾರಂ 8ಕ್ಕೆ ಸಹಿ ಹಾಕಬೇಕಾದವರು ಹೆಂಡತಿ, ಮಕ್ಕಳು, ತಂದೆತಾಯಿಯಂಥ ಹತ್ತಿರದವರು. ಹೆಂಡತಿ ಹಿಂದೆ ನಿಂತಿದ್ದರೆ ಮುಂದೆ ಕರೆದು ಕೂಡಿಸುತ್ತೇನೆ. ಒಪ್ಪಿದ ಮೇಲೆ ಅಂಗ ಯಾರಿಗೆಂದು ಪಟ್ಟಿ ನೋಡಿ ಹಂಚುವುದು ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆ. ಅಪಘಾತವಾದರೆ ಪೊಲೀಸರ ಕಾಗದವೂ ಬೇಕು. ಅದನ್ನು ಮೊದಲೇ ಶುರು ಮಾಡದಿದ್ದರೆ ಅಲ್ಲಿಯೇ ತಾಸುಗಟ್ಟಲೆ ಹೋಗುತ್ತದೆ.

ಆಪರೇಷನ್ ಮುಗಿದು ದೇಹ ಬಂದಾಗ ಹೊಲಿಗೆ ನಾನೇ ನೋಡುತ್ತೇನೆ. ನಮ್ಮ ಕಡೆ ಲಿಂಗಾಯತರು ಕೂಡಿಸಿ ಮಣ್ಣು ಮಾಡುತ್ತಾರೆ, ಮುಸ್ಲಿಮರು ಗುಸುಲ್ (ಶವಸ್ನಾನ) ಕೊಡುತ್ತಾರೆ. ಎದೆಯಿಂದ ಹೊಟ್ಟೆಯ ತನಕದ ಹೊಲಿಗೆ ಬಾಗಿಸಿದಾಗ ಬಿಚ್ಚಬಾರದು, ನೀರು ಬಿದ್ದಾಗ ಒಸರಬಾರದು. ಒರೆಸಿ, ನೀರು ತಾಗದ ಪಟ್ಟಿ ಅಂಟಿಸಿ, ಮೈ ತೊಳೆಯಲಿರುವ ಒಬ್ಬರನ್ನು ಒಳಗೆ ಕರೆದು, ಹೊಲಿಗೆ ಎಲ್ಲಿಂದ ಎಲ್ಲಿಯ ತನಕ ಇದೆ ಎಂದು ತೋರಿಸಿ ಕಳಿಸುತ್ತೇನೆ.